ಮೈಬಣ್ಣ, ಮಾತು, ಜನಮತ



ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಆಯನೂರನ್ನು ದಾಟಿದರೆ ಕುಂಸಿ ಸಿಗುತ್ತದೆ. ಅಲ್ಲಿನ ಬಸ್ ನಿಲ್ದಾಣದ ಆಸುಪಾಸಿನಲ್ಲಿ ವರ್ಷವಿಡೀ ಯಾವುದಾದರೊಂದು ಫ್ಲೆಕ್ಸ್ ಪಟ ನಿಂತೇ ಇರುತ್ತದೆ. ಯುಗಾದಿಗೊಂದು, ಗಣಪತಿ ಹಬ್ಬಕ್ಕೊಂದು, ನಾಯಕರ ಹುಟ್ಟುಹಬ್ಬಕ್ಕೊಂದು. ಕೆಲವು ತಿಂಗಳ ಹಿಂದೆ ಭಕ್ತರೊಬ್ಬರ ಮನೆಯ ಕಾರ್ಯ ಮುಗಿಸಿ ಆ ದಾರಿಯಲ್ಲಿ ಬರುತ್ತಿದ್ದಾಗ, ನಮ್ಮ ವಾಹನ ನಡೆಸುವ ಹುಡುಗ ಒಂದು ಪಟವನ್ನು ದಿಟ್ಟಿಸಿ ನೋಡಿ, "ಇವರ್ಯಾರು ಬುದ್ಧೀ, ಹೊಸಬರು?" ಎಂದು ಕೇಳಿದ. ಪಟದಲ್ಲಿದ್ದವರು ಹೊಸಬರಲ್ಲ. ಆ ಹೋಬಳಿಯವರೇ, ಮಠಕ್ಕೆ ನಾಲ್ಕಾರು ಬಾರಿ ಬಂದವರು, ಈ ಹುಡುಗನೇ ಅವರಿಗೆ ಕಾಫಿ ತಂದುಕೊಟ್ಟದ್ದುಂಟು. ಗದ್ದೆಯ ಕೆಲಸದಲ್ಲಿ ಗಟ್ಟಿಯಾದ ದೇಹ, ಒಳ್ಳೆಯ ಎಣ್ಣೆಗಪ್ಪು ಬಣ್ಣ. ಪಟದಲ್ಲಿ ಮಾತ್ರ ಅವರ ಮುಖ ಸೇಬಿನ ಹಣ್ಣಿನಂತೆ ಕೆಂಪಗೆ ಹೊಳೆಯುತ್ತಿತ್ತು. ಮುಂದೊಮ್ಮೆ ಪಟ ಮುದ್ರಿಸುವ ಅಂಗಡಿಯವರೊಬ್ಬರನ್ನು ಈ ಬಗ್ಗೆ ವಿಚಾರಿಸಿದೆವು. ಯಾರೂ ಹೇಳಬೇಕಾಗಿಯೇ ಇಲ್ಲವಂತೆ. ಫೋಟೋ ಕಂಪ್ಯೂಟರಿಗೆ ಬಂದೊಡನೆ ಮೊದಲು ಮಾಡುವ ಕೆಲಸವೇ ಅದಂತೆ.

ಇದೇ ಮಹನೀಯರು ವೇದಿಕೆ ಏರಿದರೆ ಅಪ್ಪಟ ಹಳ್ಳಿಯ ಮಾತನ್ನಾಡುತ್ತಾರೆ. ಅಲ್ಪಪ್ರಾಣ ಮಹಾಪ್ರಾಣಗಳ ಗೊಡವೆ ಅವರಿಗಿಲ್ಲ. ಜನ ಮೆಚ್ಚಿ ಚಪ್ಪಾಳೆ ತಟ್ಟುತ್ತಾರೆ. ತಮ್ಮ ಮಾತನ್ನು ತಿದ್ದಿಕೊಳ್ಳಬೇಕೆಂದು ಅವರಿಗೆ ಎಂದೂ ಅನ್ನಿಸಿದಂತಿಲ್ಲ. ತಮ್ಮ ಬಣ್ಣವನ್ನು ಪರರು ತಿದ್ದಿದಾಗ ಬೇಡವೆನ್ನಬೇಕೆಂದೂ ಅನ್ನಿಸಿದಂತಿಲ್ಲ. ಹುಟ್ಟಿನಿಂದ ಬಂದ ಎರಡು ಗುಣಗಳಲ್ಲಿ ಒಂದು ಹೆಮ್ಮೆಗೂ ಇನ್ನೊಂದು ಸಂಕೋಚಕ್ಕೂ ಕಾರಣವಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಹುಡುಕಬಹುದೆಂದು ನಮಗೆ ತೋರುತ್ತದೆ.

ಮೊದಲು ಮಾತಿನ ವಿಚಾರ. ಯಾವ ಕನ್ನಡ ಸೊಗಸಾದ ಕನ್ನಡ ಎಂಬ ಪ್ರಶ್ನೆ ಇಂದಿನದಲ್ಲ. ಸುಮಾರು ಕ್ರಿ.ಶ. 850ರ ವೇಳೆಗೆ ರಾಷ್ಟ್ರಕೂಟರ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೆಸರಿಸಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಣ ಸೀಮೆಯ ನುಡಿಯೇ ಕನ್ನಡದ ತಿರುಳು ಎಂದು ಹೇಳಿತು. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ಸೀಮೆ ಅದು. 941ರಲ್ಲಿ ಭಾರತವನ್ನು ಬರೆದ ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದೇ ಹೇಳಿಕೊಂಡನು. ರಾಜ್ಯದ ಬಲ ಎಲ್ಲಿತ್ತೋ ಅಲ್ಲಿನ ನಾಲಗೆಗೆ ಮಾನ್ಯತೆ. ಆದರೆ ಕವಿರಾಜಮಾರ್ಗಕಾರನು ಪ್ರಾಮಾಣಿಕನು. ಕನ್ನಡದ ದೇಸಿ ಭೇದಗಳು ಎಷ್ಟಿವೆಯೆಂದರೆ ಸಾವಿರ ಹೆಡೆಯ ವಾಸುಕಿಗೂ ಅವನ್ನು ಅರಿಯಲಾಗದೆ ಬೇಸರವಾದೀತು ಎಂಬ ಅರ್ಥದ ಮಾತನ್ನೂ ಅವನೇ ಹೇಳಿದ್ದಾನೆ.

ವಿಚಿತ್ರವೆಂದರೆ, ಸಾವಿರದ ನೂರು ವರ್ಷಗಳ ಹಿಂದೆ ಕನ್ನಡದ ತಿರುಳೆನಿಸಿದ ಅದೇ ಸೀಮೆಯ ಮಾತು ಇಪ್ಪತ್ತನೆಯ ಶತಮಾನದ ಕನ್ನಡ ಚಲನಚಿತ್ರಗಳಲ್ಲಿ ಬಹುಕಾಲ ನಗೆಪಾತ್ರಗಳ ಬಾಯಿಗೆ ಮೀಸಲಾಗಿತ್ತು. ನಾಯಕನು ಮೈಸೂರು-ಬೆಂಗಳೂರಿನ ಕನ್ನಡವನ್ನಾಡಬೇಕು. ಧಾರವಾಡದ ಕಡೆಯ 'ರೀ' ಹಚ್ಚಿ ಮಾತನಾಡುವವನು ಬಂದರೆ ಪ್ರೇಕ್ಷಕರು ನಗಲು ಸಿದ್ಧರಾಗಬೇಕು. ಅಲ್ಲಿನ ನುಡಿಯ ಸೊಗಸು ಕೆಟ್ಟಿತೇ? ಇಲ್ಲ. ಅರಮನೆ, ಸಚಿವಾಲಯ, ಆಕಾಶವಾಣಿ, ಪಠ್ಯಪುಸ್ತಕಗಳ ಕಚೇರಿ ಇವು ದಕ್ಷಿಣದಲ್ಲಿದ್ದವು. 1956ರಲ್ಲಿ ನಾಡು ಒಂದಾದಾಗ ನುಡಿಗಳು ಒಂದೇ ಪಂಕ್ತಿಯಲ್ಲಿ ಕೂರಲಿಲ್ಲ.

ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, ಅನಂತರ ಸ್ನಾತಕೋತ್ತರ ವ್ಯಾಸಂಗಕ್ಕೆಂದು ವಿಶ್ವವಿದ್ಯಾನಿಲಯವೊಂದನ್ನು ಸೇರಿದ ಹೊಸದರಲ್ಲಿ, ತರಗತಿಯಲ್ಲಿ ಯಾವುದೋ ಪಾರಿಭಾಷಿಕ ಪದವನ್ನು ಕುರಿತು "ಅದು ಎಂಥದು?" ಎಂದು ಕೇಳಿದೆವು. 'ಏನು' ಎನ್ನಬೇಕಾದಲ್ಲಿ 'ಎಂಥದು' ಎನ್ನುವುದು ನಮ್ಮ ಮಲೆನಾಡಿನ ಸೆರಗಿನ ಊರುಗಳಲ್ಲಿ ಸಹಜ. ತರಗತಿ ನಕ್ಕಿತು. ಕಾವಿಯುಟ್ಟವರನ್ನು ಕಂಡು ನಗಲು ಅಂಜಿದವರು ತಲೆ ತಗ್ಗಿಸಿ ನಕ್ಕರು. ಆಮೇಲೆ ಎರಡು ವರ್ಷ ಆ ಪದ ನಮ್ಮ ಬಾಯಿಗೆ ಬರದಂತೆ ಕಾದುಕೊಂಡೆವು. ಅದನ್ನು ಮರಳಿ ಪಡೆಯಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಆಳುವವರ ಮಾತೇ ಮಾತು ಎಂಬ ಸ್ಥಿತಿ ಬದಲಾಗಲು ಮತದ ಪೆಟ್ಟಿಗೆ ಬರಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದು ಆ ಕಾಲಕ್ಕೆ ಬಹು ದೊಡ್ಡ ಹೆಜ್ಜೆಯೇ ಸರಿ. ಆದರೆ ಅಲ್ಲಿ ಕುಳಿತ 144 ಮಂದಿ ಜಮೀನುದಾರರು ಮತ್ತು ವರ್ತಕರು. ಮುಂದೆ ಚುನಾವಣೆ ಬಂದಾಗಲೂ ಕಂದಾಯ, ಆಸ್ತಿ, ಪದವಿ ಇವುಗಳನ್ನು ನೋಡಿ ಮತದ ಹಕ್ಕು ಕೊಡಲಾಯಿತು. ಗೇಣಿಯ ಗದ್ದೆ ಉಳುವವನ ಮೆಚ್ಚುಗೆ ಯಾರಿಗೂ ಬೇಕಾಗಿರಲಿಲ್ಲವಾದ್ದರಿಂದ ಅವನ ಮಾತಿನಲ್ಲಿ ಮಾತನಾಡುವ ಅಗತ್ಯವೂ ಬೀಳಲಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ದೇಶದ 17 ಕೋಟಿಗೂ ಮೀರಿದ ವಯಸ್ಕರು ಮತದಾರರಾದರು. ಒಂದೇ ಏಟಿಗೆ ಅಗತ್ಯ ತಿರುಗಿ ಬಿತ್ತು.

ಆ ವೇಳೆಗೆ ನಮ್ಮ ಜಿಲ್ಲೆ ಕುದಿಯುತ್ತಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಪ್ರಮಾಣದ ಬಗ್ಗೆ ಹುಟ್ಟಿದ ವ್ಯಾಜ್ಯ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ಬಂತು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಸ್ವತಃ ಸಾಗರಕ್ಕೆ ಬಂದು ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ, ತೀರ್ಥಹಳ್ಳಿ ತಾಲ್ಲೂಕಿನ ಬಡ ಕುಟುಂಬದಲ್ಲಿ ಹುಟ್ಟಿದ, ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರು ಗೆದ್ದು ಬಂದರು. ಹಣವಿಲ್ಲ, ಮನೆತನದ ಪ್ರತಿಷ್ಠೆಯಿಲ್ಲ. ಇದ್ದದ್ದು ಚಳವಳಿಯ ನಂಟು ಮತ್ತು ಮಾತು. 1957ರಲ್ಲಿ ಸೋತರೂ 1962 ಮತ್ತು 1967ರಲ್ಲಿ ಮತ್ತೆ ಶಾಸನಸಭೆಗೆ ಹೋದರು. 1972ರಲ್ಲಿ ತೀರಿಕೊಂಡಾಗ ಅವರ ವಯಸ್ಸು ಐವತ್ತೂ ಆಗಿರಲಿಲ್ಲ. ಸಭೆಯಲ್ಲಿ ಅವರಾಡಿದ ಕನ್ನಡವನ್ನು ಕೇಳಿದ್ದ ಹಿರಿಯರನ್ನು ನಾವು ಬಾಲ್ಯದಲ್ಲಿ ಕಂಡಿದ್ದೆವು. ಅವರು ಗೌಡರ ರಾಜಕೀಯವನ್ನು ಒಪ್ಪಿದವರಲ್ಲ. ಆದರೆ ಮಾತಿನ ನೆನಪು ಬಂದರೆ ಅವರ ಮುಖ ಅರಳುತ್ತಿತ್ತು.

1967ರ ಮಾತು ಇನ್ನೂ ಸ್ವಾರಸ್ಯವಾದದ್ದು. ಆ ವರ್ಷ ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಜೆ.ಎಚ್. ಪಟೇಲರು ಲೋಕಸಭೆಗೆ ಆಯ್ಕೆಯಾದರು. ಅವರ ಊರಾದ ಕಾರಿಗನೂರು, ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ ತಾಲ್ಲೂಕಿನದು, ಆಗ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇತ್ತು. ಪಟೇಲರು ವಕೀಲರು, ಇಂಗ್ಲಿಷ್ ಬಾರದವರಲ್ಲ. ಆದರೂ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಸಂವಿಧಾನದ 120ನೆಯ ಅನುಚ್ಛೇದದ ಪ್ರಕಾರ ಸಂಸತ್ತಿನ ಕಾರ್ಯಭಾಷೆ ಹಿಂದಿ ಅಥವಾ ಇಂಗ್ಲಿಷ್. ಆ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾಗದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಅಂದರೆ ಮಾತೃಭಾಷೆ ಅಸಮರ್ಥನಿಗೆ ಕೊಡುವ ರಿಯಾಯಿತಿ. ಸಮರ್ಥನಾದವನೊಬ್ಬನು ಅದನ್ನು ಹಕ್ಕಾಗಿ ಬಳಸಿದಾಗ ಆ ನಿಯಮದ ಅರ್ಥವೇ ಬದಲಾಯಿತು. ಅಂದಿನ ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರು ಅವಕಾಶ ಕೊಟ್ಟದ್ದನ್ನೂ ಇಲ್ಲಿ ನೆನೆಯಬೇಕು. ಪಟೇಲರು 1996ರಲ್ಲಿ ಮುಖ್ಯಮಂತ್ರಿಗಳಾದರು. ಅದೇ ವರ್ಷ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಕೆಂಪುಕೋಟೆಯ ಸ್ವಾತಂತ್ರ್ಯೋತ್ಸವದ ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಿಂದಿಯಲ್ಲಿ ಓದಿದರು. ಎತ್ತರದ ಸ್ಥಾನಕ್ಕೇರಿದ ಹಳ್ಳಿಯ ನಾಲಗೆಯ ಎರಡು ಬಗೆಯ ನಡೆ ಇವು.

ಹಾಗೆಂದ ಮಾತ್ರಕ್ಕೆ ನಮ್ಮ ಮಾತಿನವರನ್ನೇ ನಮ್ಮ ಜನ ಆರಿಸುತ್ತಾರೆಂದು ಭಾವಿಸಿದರೆ ಚರಿತ್ರೆ ನಮ್ಮನ್ನು ನೋಡಿ ನಗುತ್ತದೆ. ನೆರೆಯ ಚಿಕ್ಕಮಗಳೂರಿನಲ್ಲಿ 1978ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಅವರ ಮಾತಿಗೂ ಆ ಕಾಫಿ ತೋಟಗಳ ಆಳುಗಳಿಗೂ ನಡುವೆ ದುಭಾಷಿ ನಿಲ್ಲಬೇಕಿತ್ತು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿಯವರೆದುರು ನಿಂತ ಸುಷ್ಮಾ ಸ್ವರಾಜ್ ಅವರು ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಕನ್ನಡದಲ್ಲಿಯೇ ಭಾಷಣ ಮಾಡಿದರು. ಜನ ಬೆರಗಾಗಿ ಕೇಳಿದರು. ಮತವನ್ನು ಮಾತ್ರ ಸೋನಿಯಾ ಅವರಿಗೆ ಕೊಟ್ಟರು. ಅಂತರ 56 ಸಾವಿರ. ಆದರೂ 1952ರಿಂದ ಕಾಂಗ್ರೆಸ್ಸಿನದೇ ಆಗಿದ್ದ ಆ ಕೋಟೆ 2004ರಲ್ಲಿ ಕೈಬಿಟ್ಟುಹೋದುದರ ಹಿಂದೆ ಸುಷ್ಮಾ ಅವರ ಕನ್ನಡದ ಪಾತ್ರವೂ ಸ್ವಲ್ಪ ಇದ್ದಿರಬೇಕೆಂದು ನಾವು ನಂಬುತ್ತೇವೆ. ಈ ಎರಡು ಚುನಾವಣೆಗಳಲ್ಲಿ ಮನೆತನದ ಹೆಸರು, ಪಕ್ಷದ ಗುರುತು, ಬಡವರಿಗೆ ದೊರೆತ ನೆರವಿನ ನೆನಪು ಇವೆಲ್ಲ ಕೆಲಸ ಮಾಡಿದವು. ಇವುಗಳ ಜೊತೆಗೆ, ಕಡುಬಿಸಿಲಿನಲ್ಲಿ ತೆರೆದ ವಾಹನದ ಮೇಲೆ ನಿಂತ ಆ ಗೌರವರ್ಣದ ಮುಖವನ್ನು ಕಂಡು 'ರಾಜಕಳೆ' ಎಂದವರನ್ನೂ ನಾವು ಕೇಳಿದ್ದೇವೆ. ಆ ಪದದೊಳಗೆ ಏನೇನು ಅಡಗಿದೆ ಎಂಬುದನ್ನು ಈಗ ನೋಡೋಣ.

ಬಣ್ಣದ ವಿಚಾರವನ್ನು ರಾಜಕಾರಣದೊಡನೆ ಜೋಡಿಸಿ ಬಿಡಿಸಿ ನೋಡಿದವರು, ಅದೇ ಸಾಗರದಲ್ಲಿ ಬಂಧಿತರಾಗಿದ್ದ ಲೋಹಿಯಾ ಅವರು. ಸೌಂದರ್ಯ ಮತ್ತು ಮೈಬಣ್ಣವನ್ನು ಕುರಿತು ಅವರೊಂದು ಲೇಖನ ಬರೆದಿದ್ದಾರೆ. ಅವರ ವಾದದ ತಿರುಳು ಇಷ್ಟು: ಬಿಳಿಯ ಚರ್ಮ ಸುಂದರವೆಂದು ಲೋಕ ನಂಬಿರುವುದಕ್ಕೆ ಕಾರಣ ಆ ಚರ್ಮದಲ್ಲಿಲ್ಲ, ಮೂರು ನಾಲ್ಕು ಶತಮಾನ ಲೋಕವನ್ನು ಆಳಿದವರು ಬಿಳಿಯರು ಎಂಬುದರಲ್ಲಿದೆ. ಆಫ್ರಿಕದ ಜನ ಹಾಗೆ ಆಳಿದ್ದರೆ ಕವಿಗಳು ಕಪ್ಪನ್ನೇ ಹಾಡುತ್ತಿದ್ದರು. ಲೋಹಿಯಾ ಇದನ್ನು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ, ಬಿಳಿಯರಿಗೆ ಮೀಸಲಾದ ಉಪಾಹಾರಗೃಹಕ್ಕೆ ಪಂಚೆಯುಟ್ಟು ಹೋದದ್ದಕ್ಕೆ ಪೊಲೀಸರು ಅವರನ್ನು ಹಿಡಿದೊಯ್ದರು.

ಲೋಹಿಯಾ ಅವರ ವಾದವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ, ಪೂರ್ತಿಯಾಗಿ ಅಲ್ಲ. ನಮ್ಮ ಪ್ರಾಚೀನರು ಕಪ್ಪನ್ನು ಮೆಚ್ಚಿದ್ದರು ಎಂಬುದು ದಿಟ. ದ್ರೌಪದಿಯ ಹೆಸರೇ ಕೃಷ್ಣೆ. ಆಕೆಯ ಬಣ್ಣಕ್ಕಾಗಿಯೇ ಆ ಹೆಸರು. ವ್ಯಾಸರು ಕೃಷ್ಣದ್ವೈಪಾಯನರು. ಮೇಘದೂತದ ಯಕ್ಷ ತನ್ನ ಮಡದಿಯನ್ನು ವರ್ಣಿಸುವಾಗ ಶ್ಯಾಮಾ ಎನ್ನುತ್ತಾನೆ. ಇಲ್ಲಿ ವ್ಯಾಖ್ಯಾನಕಾರ ಮಲ್ಲಿನಾಥನು ಶ್ಯಾಮಾ ಎಂದರೆ ಯುವತಿ, ತಾರುಣ್ಯದ ನಡುವಿನಲ್ಲಿರುವವಳು ಎಂದು ಅರ್ಥ ಹೇಳುತ್ತಾನೆ. ಕೋಶದ ಆಧಾರ ಅವನಿಗುಂಟು, ತಪ್ಪೆನ್ನಲಾಗದು. ಪಾಠಶಾಲೆಯಲ್ಲಿ ನಾವೂ ಹಾಗೆಯೇ ಬಾಯಿಪಾಠ ಮಾಡಿದೆವು. ಆದರೆ 'ಕಪ್ಪು ಬಣ್ಣದವಳು ಎಂದೇ ಇಟ್ಟುಕೊಂಡರೆ ಏನು ಕೆಡುತ್ತದೆ?' ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಕೇಳಿದ್ದರೆ ಗುರುಗಳು ಏನೆನ್ನುತ್ತಿದ್ದರೋ!

ಇನ್ನೊಂದು ಕಡೆಯ ಸಾಕ್ಷ್ಯವೂ ಇದೆ. ಪತಂಜಲಿಯ ಮಹಾಭಾಷ್ಯದಲ್ಲಿ, ಉದ್ದಿನ ರಾಶಿಯ ಬಣ್ಣದವನೊಬ್ಬ ಅಂಗಡಿಯಲ್ಲಿ ಕುಳಿತಿರುವುದನ್ನು ಕಂಡರೆ ಯಾರೂ ಅವನನ್ನು ಬ್ರಾಹ್ಮಣನೆಂದು ತಿಳಿಯಲಾರರು ಎಂಬ ಅರ್ಥದ ಮಾತೊಂದು ಉದಾಹರಣೆಯಾಗಿ ಬರುತ್ತದೆ. ವ್ಯಾಕರಣದ ಸೂತ್ರವನ್ನು ವಿವರಿಸುವಾಗ ಸಹಜವಾಗಿ ಬಂದ ಉದಾಹರಣೆಯಾದ್ದರಿಂದಲೇ ಅದು ಅಂದಿನ ಸಾಮಾನ್ಯ ತಿಳಿವಳಿಕೆಯನ್ನು ತೋರಿಸುತ್ತದೆ. ಯುರೋಪಿನವರು ಇಲ್ಲಿಗೆ ಬರುವುದಕ್ಕೆ ಸಾವಿರದ ಐನೂರು ವರ್ಷಕ್ಕೂ ಮೊದಲಿನ ಮಾತಿದು. ಬಣ್ಣ ನೋಡಿ ಕುಲ ಊಹಿಸುವ ಗಾದೆಯೊಂದು ಕನ್ನಡದಲ್ಲಿಯೂ ಇದೆ. ಅದನ್ನು ಇಲ್ಲಿ ಬರೆಯಲು ಲೇಖನಿ ಒಪ್ಪುವುದಿಲ್ಲ. ಆದುದರಿಂದ ಆಳಿದ ಬಿಳಿಯರು ನಮಗೆ ಈ ರೋಗವನ್ನು ತಂದರೆನ್ನುವುದಕ್ಕಿಂತ, ಇದ್ದ ರೋಗವನ್ನು ಬಲಿಸಿದರೆನ್ನುವುದು ಸರಿ. ಬಿಸಿಲಿನಲ್ಲಿ ನಿಂತು ದುಡಿಯುವವರು ಒಂದು ಕಡೆ, ಜಗುಲಿಯ ನೆರಳಿನಲ್ಲಿ ಕುಳಿತು ಲೆಕ್ಕ ಬರೆಯುವವರು ಒಂದು ಕಡೆ ಇರುವಲ್ಲಿ ನೆರಳಿನ ಬಣ್ಣಕ್ಕೆ ಬೆಲೆ ಬಂದೇ ಬರುತ್ತದೆ.

ಈ ವಿಷಯದಲ್ಲಿ ನಮ್ಮ ಸೀಮೆಯನ್ನು ಕಂಡ ವಿದೇಶೀಯನೊಬ್ಬನ ಬರಹ ಬಹಳ ಬೆಲೆಯುಳ್ಳದ್ದು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ 1623ರ ನವೆಂಬರ್‌ನಲ್ಲಿ, ಪೋರ್ಚುಗೀಸ್ ರಾಯಭಾರಿಯೊಡನೆ ಸಾಗರದ ಬಳಿಯ ಇಕ್ಕೇರಿಗೆ ಬಂದನು. ಕೆಳದಿಯ ವೆಂಕಟಪ್ಪ ನಾಯಕನ ಕಾಲ. ಇಕ್ಕೇರಿಯ ಬೀದಿಗಳಲ್ಲಿ ಹುಡುಗಿಯರು ಕೋಲಾಟವಾಡಿದ್ದನ್ನು ಅವನು ಕಂಡು ಬರೆದಿದ್ದಾನೆ. ಅಲ್ಲಿಂದ ಘಟ್ಟ ಇಳಿದು ಮಂಗಳೂರಿನ ಕಡೆಗೆ ಹೋಗಿ, ಡಿಸೆಂಬರ್‌ನಲ್ಲಿ ಮಣೇಲಿನ ಬಳಿ ಉಳ್ಳಾಲದ ರಾಣಿಯನ್ನು ಕಂಡನು. ಪೋರ್ಚುಗೀಸರ ಕಡೆಯವರನ್ನು ವೆಂಕಟಪ್ಪ ನಾಯಕನ ನೆರವಿನಿಂದ ಸೋಲಿಸಿದ್ದ ರಾಣಿ. ಕರಾವಳಿಯ ಜನ ಅಬ್ಬಕ್ಕ ಎಂದು ಕೊಂಡಾಡುವ ಮನೆತನದವಳು. ಅವನು ಕಂಡಾಗ ಆಕೆ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಬರಿಗಾಲಿನಲ್ಲಿ ಹೊರಟಿದ್ದಳು. ಆಕೆಯ ಬಣ್ಣ ಅಬಿಸೀನಿಯದವರಷ್ಟು ಕಪ್ಪು, ಉಟ್ಟದ್ದು ಒರಟು ಬಿಳಿಯ ಬಟ್ಟೆ, ನೋಡಿದರೆ ರಾಣಿಯೆನ್ನುವುದಕ್ಕಿಂತ ಅಡಿಗೆಯವಳೋ ಬಟ್ಟೆ ಒಗೆಯುವವಳೋ ಎನ್ನಬೇಕು ಎಂಬ ಭಾವದಲ್ಲಿ ಅವನು ಮೊದಲು ಬರೆಯುತ್ತಾನೆ. ಸ್ಪೇನಿನ ದೊರೆಯ ಸೇನೆಯನ್ನು ಮುರಿದವಳು ಇವಳೇ ಎಂದು ಅಚ್ಚರಿಪಡುತ್ತಾನೆ. ಆದರೆ ಆಕೆ ಮಾತನಾಡಿದ ಮೇಲೆ ಅವನ ಧ್ವನಿಯೇ ಬದಲಾಗುತ್ತದೆ. ದನಿಯ ಇಂಪು, ಮಾತಿನ ವಿವೇಕ ಇವುಗಳಿಂದಲೇ ಆಕೆಯ ರಾಣಿತನ ತೋರಿತೆಂದು ಒಪ್ಪಿಕೊಳ್ಳುತ್ತಾನೆ.

ಕಣ್ಣು ಮಾಡಿದ ತೀರ್ಪನ್ನು ಕಿವಿ ತಿದ್ದಿದ ಈ ಪ್ರಸಂಗವನ್ನು ನಾಲ್ಕುನೂರು ವರ್ಷಗಳ ಮೇಲೆ ನಾವು ಹೇಗೆ ಉಳಿಸಿಕೊಂಡಿದ್ದೇವೆ? ನಾವು ಕಂಡ ಮೆರವಣಿಗೆಗಳ ಸ್ತಬ್ಧಚಿತ್ರಗಳಲ್ಲಿ ಅಬ್ಬಕ್ಕರಾಣಿಯ ವೇಷ ತೊಟ್ಟವರೆಲ್ಲ ಹಾಲುಗೆನ್ನೆಯವರು. ಮೈತುಂಬ ಒಡವೆ, ಕಾಲಿಗೆ ಮೆಟ್ಟು. ಪರದೇಶದವನ ತಾತ್ಸಾರವನ್ನು ಮೆಟ್ಟಿನಿಂತ ಆಕೆಯ ಕಪ್ಪನ್ನು ಅಳಿಸಿದವರು ನಾವೇ.

ತಮಿಳುನಾಡಿನ ನಿದರ್ಶನವನ್ನೂ ಇಲ್ಲಿ ಸ್ಮರಿಸಬಹುದು. ಅದೇ 1967ರ ಚುನಾವಣೆ. ಒಂಬತ್ತು ವರ್ಷ ಮುಖ್ಯಮಂತ್ರಿಯಾಗಿದ್ದ, ಮಿತಮಾತಿನ, ಜನ ಅಕ್ಕರೆಯಿಂದ 'ಕರಿಯ ಗಾಂಧಿ' ಎನ್ನುತ್ತಿದ್ದ ಕಾಮರಾಜರು ವಿರುದುನಗರದಲ್ಲಿ ವಿದ್ಯಾರ್ಥಿ ಮುಖಂಡನೊಬ್ಬನ ಮುಂದೆ ಸೋತರು. ಜನವರಿ 12ರಂದು ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿದ್ದ ಎಂ.ಜಿ. ರಾಮಚಂದ್ರನ್ ಅವರು ಹಾಸಿಗೆಯಿಂದಲೇ ಗೆದ್ದರು. ಅವರ ಕುತ್ತಿಗೆಯ ಪಟ್ಟಿಯ ಚಿತ್ರ ಊರೂರಿನ ಗೋಡೆಗಳ ಮೇಲೆ ಬಂತು. ಆ ಗುಂಡಿನಿಂದ ಅವರ ದನಿ ಕೊನೆಯವರೆಗೂ ಕೆಟ್ಟೇ ಉಳಿಯಿತು. ಆದರೂ 1977ರಲ್ಲಿ ಮುಖ್ಯಮಂತ್ರಿಯಾದರು. ಕಾಮರಾಜರ ಸೋಲಿಗೆ ಅಕ್ಕಿಯ ಅಭಾವ, 1965ರ ಹಿಂದಿ ವಿರೋಧಿ ಚಳವಳಿ ಇವೇ ಮುಖ್ಯ ಕಾರಣಗಳು; ಬಣ್ಣ ಕಾರಣವೆಂದರೆ ಅಪಚಾರವಾಗುತ್ತದೆ. ನಾವು ಗಮನಿಸಬೇಕಾದದ್ದು ಬೇರೆ. ದ್ರಾವಿಡ ಚಳವಳಿ ಕಪ್ಪು ಅಂಗಿ ತೊಟ್ಟಿತು, ಕಪ್ಪು ಬಾವುಟ ಹಿಡಿಯಿತು, ಭಾಷೆಗಾಗಿ ಪ್ರಾಣ ಕೊಟ್ಟಿತು. ಆದರೆ ಬೆಳ್ಳಿತೆರೆಯಿಂದ ತಾನು ಆರಿಸಿಕೊಂಡ ನಾಯಕರಲ್ಲಿ ಒಬ್ಬರು ಗುಲಾಬಿ ಮೈಬಣ್ಣಕ್ಕೆ ಹೆಸರಾದ ಮಲೆಯಾಳಿ ಮೂಲದವರು. ಅವರ ಬಳಿಕ 1991ರಲ್ಲಿ ಬಂದವರು ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಮಾತಿನ ಸ್ವಾಭಿಮಾನ ಗೆದ್ದ ಕಡೆಯಲ್ಲಿಯೂ ಬಣ್ಣದ ಸ್ವಾಭಿಮಾನ ಜೊತೆಗೆ ಬರಲಿಲ್ಲ.

ಶಿವಮೊಗ್ಗದ ಕಥೆಯೂ ಇದೇ. ಲೋಹಿಯಾ ಅವರು ಎರಡು ಮಾತು ಹೇಳಿದ್ದರು. ಇಂಗ್ಲಿಷಿನ ದೊರೆತನ ಕೊನೆಯಾಗಬೇಕು, ಜನರ ನುಡಿ ಅಧಿಕಾರದ ನುಡಿಯಾಗಬೇಕು ಎಂಬುದು ಒಂದು. ಬಣ್ಣದ ದೊರೆತನವೂ ಕೊನೆಯಾಗಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಅವರ ಶಿವಮೊಗ್ಗದ ಶಿಷ್ಯರು ಸಭೆಯಲ್ಲಿ, ಸಂಸತ್ತಿನಲ್ಲಿ, ಸಂತೆಯಲ್ಲಿ ಸಾರಿದರು. ಮತದಾರರು ಅದಕ್ಕೆ ಮುದ್ರೆಯೊತ್ತಿದರು. ಎರಡನೆಯದಕ್ಕೆ ಮತಪೆಟ್ಟಿಗೆ ಇರಲಿಲ್ಲ. ಅದರ ತೀರ್ಮಾನ ಆಗುವುದು ವಧುಪರೀಕ್ಷೆಯ ಚಾಪೆಯ ಮೇಲೆ, ಹಸುಗೂಸನ್ನು ನೋಡಲು ಬಂದ ಬಂಧುಗಳ ಮೊದಲ ಮಾತಿನಲ್ಲಿ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರೇನೋ. ಹಳ್ಳಿಗಳಲ್ಲಿ ಕರಿಬಸಪ್ಪ, ಕರಿಯಪ್ಪ, ಕರಿಯಮ್ಮ, ಕಾಳಮ್ಮ ಎಂಬ ಹೆಸರುಗಳು ಭಕ್ತಿಯಿಂದ ಇಟ್ಟವು. ಕೆಂಪಪ್ಪ ಕೆಂಪಮ್ಮಂದಿರು ಅವರ ಪಕ್ಕದಲ್ಲಿಯೇ ಕುಳಿತಿದ್ದರು. ಶಾಲೆಯೊಂದರ ಹಳೆಯ ದಾಖಲೆ ಪುಸ್ತಕವನ್ನು ತಿರುವಿ ಹಾಕುವಾಗ ಪುಟಕ್ಕೊಬ್ಬ ಕರಿಬಸಪ್ಪ ಸಿಕ್ಕಿದ್ದು ನಮಗೆ ನೆನಪಿದೆ. ಈಚಿನ ಪುಸ್ತಕಗಳಲ್ಲಿ ಒಬ್ಬನೂ ಇಲ್ಲ. 'ಸಾದಗಪ್ಪು', 'ಎಣ್ಣೆಗೆಂಪು', 'ಗೋಧಿ ಬಣ್ಣ' ಎಂದು ಬಣ್ಣಗಳನ್ನು ಸೂಕ್ಷ್ಮವಾಗಿ ಗುರುತಿಸಿ ಹೆಸರಿಟ್ಟ ಭಾಷೆ ನಮ್ಮದು. ಈಗ ಬೆಳ್ಳಗೆ, ಕಪ್ಪಗೆ ಎಂಬ ಎರಡೇ ಉಳಿದಿವೆ. ಶಿವಮೊಗ್ಗೆಯಲ್ಲಿ 1944ರಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಸ್ಥಾಪಿತವಾಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಹೆಗ್ಗಳಿಕೆ ಅದರ ಪರಿಮಳ. 1975ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಮುಲಾಮು ಮಾರುಕಟ್ಟೆಗೆ ಬಂತು. ಅದರ ಹೆಗ್ಗಳಿಕೆ ಬಿಳುಪು. ಅದು ಕುಂಸಿಯ ಸಂತೆಯನ್ನೂ ಮುಟ್ಟಿತು. 2020ರಲ್ಲಿ ಕಂಪನಿಯವರು ಟೀಕೆಗೆ ಮಣಿದು ಹೆಸರಿನಿಂದ 'ಫೇರ್' ಎಂಬುದನ್ನು ತೆಗೆದು 'ಗ್ಲೋ' ಎಂದು ಮಾಡಿದರು. ಡಬ್ಬಿ ಅದೇ ಅಂಗಡಿಯ ಅದೇ ಹಲಗೆಯ ಮೇಲಿದೆ.

ಪರರ ತಪ್ಪನ್ನು ಇಷ್ಟು ಬರೆದ ಮೇಲೆ ನಮ್ಮದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬಸವ ಜಯಂತಿಗೆಂದು ಮಕ್ಕಳಿಂದ ಅಕ್ಕಮಹಾದೇವಿಯ ನಾಟಕವನ್ನು ಆಡಿಸಿದೆವು. ಅಕ್ಕ ಹುಟ್ಟಿದ ಉಡುತಡಿ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು; ಆದ್ದರಿಂದ ನಮ್ಮ ಭಾಗದಲ್ಲಿ ಆ ಕಥೆಗೆ ವಿಶೇಷ ಮಮತೆ. ಕುಂಸಿಯ ಕಡೆಯ ಒಬ್ಬ ಹುಡುಗಿ, ಹದಿಮೂರು ವರ್ಷದವಳಿರಬಹುದು, ಅಕ್ಕನ ಮಾತುಗಳನ್ನು ಒಂದೇ ವಾರದಲ್ಲಿ ಕಲಿತಿದ್ದಳು. ಅವಳ ಉಚ್ಚಾರಣೆಯಲ್ಲಿ ಊರಿನ ಸೊಗಡಿತ್ತು. ದನಿ ಸಭಾಂಗಣದ ಕೊನೆಯವರೆಗೂ ಮುಟ್ಟುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರು ಜನರಾಡುವ ಮಾತಿನಲ್ಲಿಯೇ ವಚನ ಹೇಳಿದವರಾದ್ದರಿಂದ ಆ ಸೊಗಡನ್ನು ನಾವೇ ಮೆಚ್ಚಿ ಉಳಿಸಿದೆವು. ಆದರೆ ನಾಟಕ ಮಾಡಿಸುತ್ತಿದ್ದವರು ಬಂದು, "ಮಗು ಬಣ್ಣ ಕಮ್ಮಿ, ಬುದ್ಧಿ. ಕೌಶಿಕ ಮಹಾರಾಜ ಮರುಳಾದ ಅಂದ್ರೆ ನೋಡಿದವರು ನಂಬಬೇಕಲ್ಲ" ಎಂದರು. ಹರಿಹರನ ರಗಳೆಯಲ್ಲಿ ಅಕ್ಕನ ರೂಪದ ವರ್ಣನೆ ದೀರ್ಘವಾಗಿಯೇ ಇದೆ. ಅದೂ ನಮ್ಮ ತಲೆಯಲ್ಲಿತ್ತು. ನಾವು ಒಂದು ಗಳಿಗೆ ಯೋಚಿಸಿ, "ಆಗಲಿ" ಎಂದೆವು. ಪಾತ್ರ ಬೇರೊಬ್ಬ ಹುಡುಗಿಗೆ ಹೋಯಿತು. ಈ ಮಗುವನ್ನು ಪರದೆಯ ಹಿಂದೆ ನಿಲ್ಲಿಸಿ ಆ ಹುಡುಗಿಗೆ ಮಾತು ಹೇಳಿಕೊಡುವ ಕೆಲಸಕ್ಕೆ ಹಾಕಿದರು. ದೇಹದ ಚೆಲುವನ್ನೂ ಅರಮನೆಯನ್ನೂ ಒದ್ದು ಹೊರಟವಳ ಪಾತ್ರಕ್ಕೆ ನಾವು ಬಣ್ಣ ನೋಡಿ ಆಳನ್ನು ಆರಿಸಿದೆವೆಂಬುದು ನಾಟಕ ಮುಗಿದು ಎಷ್ಟೋ ವರ್ಷದ ಮೇಲೆ, ಲೋಹಿಯಾ ಅವರ ಲೇಖನವನ್ನು ಓದುವಾಗ, ನಮ್ಮ ಮನಸ್ಸಿಗೆ ಬಂತು.

ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿರುವುದರಿಂದ ಆಕೆಯಂಥವರಿಗೆ ದಾರಿಯಾಗಿದೆ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯತಿ ಚುನಾವಣೆಗೆ ನಿಂತಾಗ ಆಶೀರ್ವಾದಕ್ಕೆಂದು ಮಠಕ್ಕೆ ಬಂದಳು. ಕೈಯಲ್ಲಿ ಪ್ರಚಾರದ ಕರಪತ್ರವಿತ್ತು. ಅದರಲ್ಲಿನ ಮುಖವನ್ನು ನೋಡಿ ನಾವು ಸುಮ್ಮನಾದೆವು. ನಾವು ಏನನ್ನು ನೋಡುತ್ತಿದ್ದೇವೆಂದು ಆಕೆಗೆ ಅರ್ಥವಾಯಿತು.

"ಪ್ರಿಂಟಿನವರು ಕೇಳೋದೇ ಇಲ್ಲ ಬುದ್ಧೀ. ತಂದು ನೋಡಿದ ಮೇಲೇ ನಂಗೂ ಗೊತ್ತಾಗಿದ್ದು. ನಮ್ಮ ವಾರ್ಡಿನಲ್ಲಿ ಇರೋದೇ ನಾಲ್ಕುನೂರು ಚಿಲ್ಲರೆ ಓಟು. ಎಲ್ಲರಿಗೂ ನನ್ನ ಮುಖ ಗೊತ್ತು, ಮನೆ ಬಾಗಿಲಿಗೆ ಹೋಗಿ ಮಾತಾಡಿದೀನಿ. ಮುಖ ಗೊತ್ತಿಲ್ಲದ ಕಡೆ ನಿಂತಿದ್ರೆ ಈ ಚೀಟಿ ಬೇಕಾಗ್ತಿತ್ತೇನೋ."

ನಾಲ್ಕುನೂರು ಮತದ ವಾರ್ಡಿನಲ್ಲಿ ಮಾತು ಸಾಕಾಗುತ್ತದೆ. ಲಕ್ಷಗಟ್ಟಲೆ ಮತದ ಕ್ಷೇತ್ರದಲ್ಲಿ ಮಾತಿಗಿಂತ ಮೊದಲು ಪಟ ಹೋಗಿ ನಿಲ್ಲುತ್ತದೆ. ಆಕೆ ಒಂದೇ ಮಾತಿನಲ್ಲಿ ಹೇಳಿದ್ದನ್ನು ನಾವು ಇಷ್ಟು ಪುಟ ಬರೆದು ಹೇಳಬೇಕಾಯಿತು. ಪ್ರಸಾದ ಮುಗಿಸಿ ಹೊರಡುವಾಗ, ಆ ನಾಟಕದ ವಿಷಯವನ್ನು ನಾವಾಗಿಯೇ ಎತ್ತಿ, ಅಂದು ನಾವು ಮಾಡಿದ್ದು ತಪ್ಪೆಂದು ಹೇಳಿದೆವು. ಆಕೆ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು, "ಆ ಮಾತೆಲ್ಲ ಈಗಲೂ ಬರುತ್ತೆ ಬುದ್ಧೀ" ಎಂದಳು. ಮಠದ ಅಂಗಳದಲ್ಲಿ ಆಕೆಯ ಮಕ್ಕಳು ಕಾಯುತ್ತಿದ್ದರು. ಕುಂಸಿಯ ಕಡೆಯ ಬಸ್ಸಿಗೆ ಹೊತ್ತಾಗಿತ್ತು.